ಒಂದು ತಾರೀಖಿನ ಆಚೆ ಈಚೆ

ಡಿಸೆಂಬರ್ 17ನ್ನು ನಮ್ಮ ದೇಶದ ನಿವೃತ್ತ ನೌಕರರ ಸಂಘಗಳು ಪಿಂಚಣಿದಾರರ ದಿನ ಎಂದು ಆಚರಿಸುತ್ತವೆ. ಆ ದಿನವೇ ಯಾಕೆ ಅಂತ ಕೇಳಿದರೆ ಪೆನ್ಷನ್ ಪಡೆಯುವವರಲ್ಲೂ ಅನೇಕರಿಗೆ ಗೊತ್ತಿರುವುದಿಲ್ಲ. ನವೆಂಬರಿನಲ್ಲಿ ಲೈಫ್ ಸರ್ಟಿಫಿಕೇಟ್ ಕೊಡಲು ಬ್ಯಾಂಕಿಗೆ ಬರುವ ಹಿರಿಯರನ್ನು ಕಂಡಾಗಲೆಲ್ಲ ಇದನ್ನು ಬರೆಯಬೇಕು ಅನ್ನಿಸುತ್ತಿತ್ತು.

ಕಥೆ ಶುರುವಾಗುವುದು ಬ್ರಿಟಿಷರ ಕಾಲದಲ್ಲಿ. 1871ರ ಪೆನ್ಷನ್ ಕಾಯಿದೆಯಲ್ಲಿ ಒಂದು ಒಳ್ಳೆಯ ಮಾತಿತ್ತು... ಸಾಲ ಕೊಟ್ಟವನು ಪೆನ್ಷನ್ ಹಣವನ್ನು ಜಪ್ತಿ ಮಾಡಿಸುವಂತಿಲ್ಲ. ಜೊತೆಗೆ ಇನ್ನೊಂದು ಮಾತೂ ಇತ್ತು. ಪೆನ್ಷನ್ ವಿಷಯವಾಗಿ ಕಲೆಕ್ಟರರ ಒಪ್ಪಿಗೆ ಪತ್ರವಿಲ್ಲದೆ ಸಿವಿಲ್ ಕೋರ್ಟಿಗೆ ಹೋಗುವಂತಿಲ್ಲ! ಅಂದರೆ, ಕೊಟ್ಟರೆ ದೊರೆಯ ಕೃಪೆ. ಕೊಡದಿದ್ದರೆ ಕೇಳುವ ಹಾಗಿಲ್ಲ.

ಸ್ವಾತಂತ್ರ್ಯ ಬಂದು ಎಷ್ಟೋ ವರ್ಷಗಳಾದ ಮೇಲೆ, 1971ರಲ್ಲಿ, ಬಿಹಾರದ ದೇವಕಿನಂದನ ಪ್ರಸಾದ್ ಅವರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಪೆನ್ಷನ್ ಕೃಪೆಯಲ್ಲ, ಹಕ್ಕು ಎಂದು ಹೇಳಿತು.

ಆದರೆ ಹಕ್ಕು ಎಷ್ಟು ಜನರಿಗೆ, ಯಾವ ಲೆಕ್ಕದಲ್ಲಿ? 1979ರ ಮೇ ತಿಂಗಳಲ್ಲಿ ಕೇಂದ್ರ ಸರಕಾರ ಪೆನ್ಷನ್ ಲೆಕ್ಕವನ್ನು ಸುಧಾರಿಸಿತು. ಅದುವರೆಗೆ ಕೊನೆಯ 36 ತಿಂಗಳ ಸಂಬಳದ ಸರಾಸರಿ ಹಿಡಿಯುತ್ತಿದ್ದರು, ಇನ್ನು ಕೊನೆಯ 10 ತಿಂಗಳದ್ದು ಸಾಕು ಎಂದಾಯಿತು. ಸಂಬಳ ಹೆಚ್ಚಾಗಿರುವುದು ಕೊನೆಯಲ್ಲೇ ತಾನೆ? ಹಾಗಾಗಿ ಪೆನ್ಷನ್ನೂ ಹೆಚ್ಚಾಗುತ್ತದೆ. ಆದರೆ ಇದು 1979ರ ಮಾರ್ಚ್ 31ರಂದು ಅಥವಾ ಅನಂತರ ನಿವೃತ್ತರಾದವರಿಗೆ ಮಾತ್ರ. ಒಂದು ದಿನ ಮೊದಲು ಮನೆಗೆ ಹೋದವರಿಗೆ ಹಳೆಯ ಲೆಕ್ಕವೇ.

ಅದಕ್ಕೂ ಮೊದಲೇ ನಿವೃತ್ತರಾಗಿದ್ದ ಡಿ. ಎಸ್. ನಾಕರಾ ಸುಪ್ರೀಂ ಕೋರ್ಟಿಗೆ ಹೋದರು. ಎಚ್. ಡಿ. ಶೌರಿಯವರ ಕಾಮನ್ ಕಾಸ್ ಸಂಸ್ಥೆಯೂ ಜೊತೆಗೂಡಿತು. ಮುಖ್ಯ ನ್ಯಾಯಮೂರ್ತಿ ವೈ. ವಿ. ಚಂದ್ರಚೂಡ್ ನೇತೃತ್ವದ ಐವರ ಪೀಠದ ಪರವಾಗಿ ನ್ಯಾಯಮೂರ್ತಿ ಡಿ. ಎ. ದೇಸಾಯಿ ತೀರ್ಪು ಬರೆದರು. ಒಂದೇ ನಿಯಮದಡಿ ಪೆನ್ಷನ್ ಪಡೆಯುವವರನ್ನು ಬರೀ ತಾರೀಖಿನಿಂದ ಎರಡು ಮಾಡುವುದು ಸಮಾನತೆಗೆ ವಿರುದ್ಧ, ಹಳಬರಿಗೂ ಹೊಸ ಲೆಕ್ಕವೇ ಅನ್ವಯ ಎಂಬುದು ಅದರ ಸಾರ. ಆ ದಿನ 1982ರ ಡಿಸೆಂಬರ್ 17.

ಆದರೆ ತಾರೀಖು ಇನ್ನೊಂದು ರೂಪದಲ್ಲಿ ಮರಳಿ ಬಂತು. 2004ರ ಜನವರಿ 1ರಿಂದ ಕೇಂದ್ರದ ಕೆಲಸಕ್ಕೆ ಸೇರಿದವರಿಗೆ, ಸೇನೆಯನ್ನು ಬಿಟ್ಟು, ಎನ್‌ಪಿಎಸ್ ಬಂತು. ಕರ್ನಾಟಕ ಸರಕಾರದಲ್ಲಿ 2006ರ ಏಪ್ರಿಲ್ 1ರಿಂದ. ಹಳೆಯದರಲ್ಲಿ ನೌಕರ ಏನೂ ಕಟ್ಟಬೇಕಿರಲಿಲ್ಲ, ಪೆನ್ಷನ್ ಎಷ್ಟೆಂಬುದು ನಿಶ್ಚಿತ. ಹೊಸದರಲ್ಲಿ ಕಟ್ಟುವುದು ನಿಶ್ಚಿತ, ಬರುವುದು ಮಾರುಕಟ್ಟೆಗೆ ಬಿಟ್ಟದ್ದು. ನಾಕರಾ ತೀರ್ಪು ಇಲ್ಲಿ ನೆರವಿಗೆ ಬರುವುದು ಕಷ್ಟ. ಅದು ಒಂದೇ ಯೋಜನೆಯ ಒಳಗಿನವರನ್ನು ಒಡೆಯಬೇಡಿ ಎಂದಿತ್ತು. ಇಲ್ಲಿ ಯೋಜನೆಯೇ ಬೇರೆ. ಹೀಗೆ ಒಂದೇ ಕಚೇರಿಯಲ್ಲಿ ಅಕ್ಕಪಕ್ಕ ಕೂತು ಒಂದೇ ಕೆಲಸ ಮಾಡುವ ಇಬ್ಬರ ಮುಪ್ಪು ಬೇರೆ ಬೇರೆಯಾಯಿತು.

ಪಟ್ಟು ಸ್ವಲ್ಪ ಸಡಿಲವಾಗಿದೆ ಅನ್ನಿ. ಎನ್‌ಪಿಎಸ್ ಪ್ರಕಟಣೆ ಹೊರಟದ್ದು 2003ರ ಡಿಸೆಂಬರ್ 22ಕ್ಕೆ. ಅದಕ್ಕೂ ಮೊದಲು ಜಾಹೀರಾತಾದ ಹುದ್ದೆಗಳಿಗೆ ತಡವಾಗಿ ಸೇರಿದವರಿಗೆ 2023ರಲ್ಲಿ ಕೇಂದ್ರ ಒಂದು ಸಲದ ಅವಕಾಶ ಕೊಟ್ಟಿತು. 2025ರ ಏಪ್ರಿಲ್ 1ರಿಂದ ಏಕೀಕೃತ ಪಿಂಚಣಿ ಯೋಜನೆ ಬಂತು. ಅದನ್ನು ಆರಿಸಿಕೊಂಡ ಕೇಂದ್ರ ನೌಕರರಿಗೆ 25 ವರ್ಷ ಸೇವೆಯಾಗಿದ್ದರೆ ಕೊನೆಯ 12 ತಿಂಗಳ ಮೂಲವೇತನದ ಸರಾಸರಿಯ ಅರ್ಧ, 10 ವರ್ಷವಾಗಿದ್ದರೆ ಕನಿಷ್ಠ 10,000 ರೂಪಾಯಿ. ಆದರೆ ಸಂಬಳದ ಶೇಕಡಾ 10 ಕಟ್ಟುವುದು ತಪ್ಪುವುದಿಲ್ಲ.

ರಿಟೈರಾದ ಮೇಲೆ ಊರಿಗೆ ಹೋಗಿ ಮನೆ ಮಾಡೋಣ ಎಂಬ ಲೆಕ್ಕ ಪರಊರಿನಲ್ಲಿರುವ ನಮ್ಮಲ್ಲಿ ಬಹಳ ಜನರದ್ದು. ಸರಕಾರಿ ಕೆಲಸದಲ್ಲಿರುವವರು ಮೊದಲು ತಾವು ಯಾವ ತಾರೀಖಿನ ಯಾವ ಬದಿಗಿದ್ದೇವೆ ಅಂತ ನೋಡಿಕೊಳ್ಳಲಿ. ಸೈಟು, ಮನೆ ಆಮೇಲೆ.