ಹಿಡಿಯಿಲ್ಲದ ಸುತ್ತಿಗೆ

ನಮ್ಮ ಚಲನಚಿತ್ರಗಳ ನ್ಯಾಯಾಧೀಶರು ಮರದ ಸುತ್ತಿಗೆಯನ್ನು ಮೇಜಿಗೆ ಕುಟ್ಟಿ 'ಆರ್ಡರ್, ಆರ್ಡರ್' ಎಂದು ಗದರಿಸುವುದನ್ನು ತಾವೆಲ್ಲರೂ ನೋಡಿದ್ದೀರಿ. ಇಂಗ್ಲೆಂಡಿನ ನ್ಯಾಯಾಲಯಗಳಲ್ಲಿ ಈ ಸುತ್ತಿಗೆಯಿಲ್ಲ. ಅವರಿಂದ ನ್ಯಾಯಪದ್ಧತಿಯನ್ನು ಪಡೆದ ನಮ್ಮಲ್ಲಿಯೂ ಅದು ರೂಢಿಯಲ್ಲ. ಅದು ಅಮೆರಿಕದ ಬಳಕೆ. ಆ ಅಮೆರಿಕದ ಮೇಲ್ಮನೆಯಾದ ಸೆನೆಟ್ಟಿಗೆ ಭಾರತವೇ ಒಂದು ಸುತ್ತಿಗೆಯನ್ನು ಕೊಡಬೇಕಾಗಿ ಬಂದ ಪ್ರಸಂಗವನ್ನು ನಾನು ಇಂದು ಹೇಳಹೊರಟಿದ್ದೇನೆ.

ಸೆನೆಟ್ಟಿನ ಹಳೆಯ ಸುತ್ತಿಗೆ ಆನೆಯ ದಂತದ್ದು. ಎತ್ತರ ಸುಮಾರು ಎರಡೂವರೆ ಅಂಗುಲ, ಹಿಡಿಯೇ ಇಲ್ಲ, ನಡು ಸಣ್ಣ. ಬುಡುಬುಡಿಕೆಯವನ ಕೈಯಲ್ಲಿರುವುದನ್ನು ಅಂಗೈಯೊಳಗೆ ಅಡಗುವಷ್ಟು ಕಿರಿದುಮಾಡಿದರೆ ಹೇಗಿದ್ದೀತೋ ಹಾಗೆ. 1789ರಲ್ಲಿ ಮೊದಲ ಉಪರಾಷ್ಟ್ರಪತಿ ಜಾನ್ ಆಡಮ್ಸ್ ಅವರ ಕಾಲದಿಂದಲೂ ಅದು ಅಲ್ಲಿತ್ತೆಂದು ಪ್ರತೀತಿ. ಕುಟ್ಟಿಸಿಕೊಂಡು ಸವೆದ ಅದರ ಎರಡೂ ತುದಿಗಳಿಗೆ 1952ರಲ್ಲಿ ಬೆಳ್ಳಿಯ ಬಿಲ್ಲೆಗಳನ್ನು ಕೂರಿಸಿದರು. ಪ್ರಯೋಜನವಾಗಲಿಲ್ಲ. 1954ರಲ್ಲಿ ಅಣುಶಕ್ತಿಯನ್ನು ಕುರಿತು ಅಪರಾತ್ರಿಯವರೆಗೆ ಬಿಸಿಯೇರಿದ ಚರ್ಚೆಯ ನಡುವೆ, ಅಧ್ಯಕ್ಷಪೀಠದಲ್ಲಿದ್ದ ಉಪರಾಷ್ಟ್ರಪತಿ ರಿಚರ್ಡ್ ನಿಕ್ಸನ್ ಅವರ ಕೈಯಲ್ಲಿ ಅದು ಸೀಳಿಹೋಯಿತು.

ಅಷ್ಟು ದಪ್ಪನೆಯ ದಂತ ಅಲ್ಲಿಯ ಪೇಟೆಯಲ್ಲಿ ದೊರೆಯಲಿಲ್ಲ. ಸೆನೆಟ್ಟಿನವರು ಭಾರತದ ರಾಯಭಾರ ಕಚೇರಿಯ ಬಾಗಿಲು ತಟ್ಟಿದರು. ಅದೇ ವರ್ಷದ ಮೇ ತಿಂಗಳಲ್ಲಿ ಅಮೆರಿಕ ಪಾಕಿಸ್ತಾನದೊಡನೆ ಸೈನಿಕ ನೆರವಿನ ಒಪ್ಪಂದ ಮಾಡಿಕೊಂಡಿತ್ತು; ನಮ್ಮವರ ಮನಸ್ಸು ಕಹಿಯಾಗಿತ್ತು. ಆದರೂ ಇಲ್ಲವೆನ್ನಲಿಲ್ಲ. 1954ರ ನವೆಂಬರ್ 17ರಂದು ಹೊಸ ಸುತ್ತಿಗೆಯನ್ನು ಒಪ್ಪಿಸಿದವರು ನಮ್ಮ ಉಪರಾಷ್ಟ್ರಪತಿ ಸರ್ವೆಪಲ್ಲಿ ರಾಧಾಕೃಷ್ಣನ್. ಮೈಸೂರಿನವರಿಗೆ ಅವರು ಮೇಷ್ಟರು. 1918ರಿಂದ 1921ರವರೆಗೆ ಮಹಾರಾಜ ಕಾಲೇಜಿನಲ್ಲಿ ತತ್ತ್ವಶಾಸ್ತ್ರ ಬೋಧಿಸಿ ಹೊರಟಾಗ, ವಿದ್ಯಾರ್ಥಿಗಳು ಸಾರೋಟಿನ ಕುದುರೆ ಬಿಚ್ಚಿ ತಾವೇ ಎಳೆದುಕೊಂಡು ರೈಲುನಿಲ್ದಾಣಕ್ಕೆ ಒಯ್ದ ಕಥೆ ಅಲ್ಲಿ ಮನೆಮಾತು.

ಸುತ್ತಿಗೆ ಹೋಗಿ ಸೇರಿದ ಗಳಿಗೆಯೂ ಸಾಮಾನ್ಯದ್ದಲ್ಲ. ಕಂಡಕಂಡವರಿಗೆಲ್ಲ ಕಮ್ಯೂನಿಸ್ಟರೆಂದು ಹಣೆಪಟ್ಟಿ ಹಚ್ಚಿ ದೇಶವನ್ನೇ ನಡುಗಿಸಿದ್ದ ಸೆನೆಟರ್ ಜೋಸೆಫ್ ಮೆಕಾರ್ಥಿಯ ನಡತೆಯನ್ನು ಖಂಡಿಸಬೇಕೇ ಬೇಡವೇ ಎಂದು ಆ ದಿನಗಳಲ್ಲಿ ಸೆನೆಟ್ ಚರ್ಚಿಸುತ್ತಿತ್ತು. ಡಿಸೆಂಬರ್ 2ರಂದು 67ಕ್ಕೆ 22 ಮತಗಳಿಂದ ಖಂಡಿಸಿತು. ಅಂಥ ಸಭೆಯಲ್ಲಿ ಒಬ್ಬ ತತ್ತ್ವಜ್ಞಾನಿ ಸುವ್ಯವಸ್ಥೆಯ ಸಾಧನವೊಂದನ್ನು ಇತ್ತು ಬಂದದ್ದನ್ನು ನೆನೆದಾಗಲೆಲ್ಲ ನನಗೆ ಮುಗುಳುನಗೆ ಬರುತ್ತದೆ.

ಏಕೆಂದರೆ, ಕೊಟ್ಟವರ ಸಭೆಯಲ್ಲಿ ಸುತ್ತಿಗೆಯೇ ಇರಲಿಲ್ಲ! 1952ರಿಂದ ರಾಧಾಕೃಷ್ಣನ್ ರಾಜ್ಯಸಭೆಯ ಸಭಾಪತಿಗಳು. ನಮ್ಮ ಸಂಸತ್ತು ಬ್ರಿಟನ್ನಿನ ಕಾಮನ್ಸ್ ಸಭೆಯ ದಾರಿ ಹಿಡಿದದ್ದು. ಅಧ್ಯಕ್ಷರು ಎದ್ದು ನಿಂತರೆ ಮಾತನಾಡುತ್ತಿರುವ ಸದಸ್ಯರು ತಕ್ಷಣ ಕುಳಿತು ಮೌನವಾಗಿ ಕೇಳಬೇಕು, ನಿಯಮ ಇಷ್ಟೇ. ಒಬ್ಬರು ಏಳುವುದರಿಂದ ನೂರಾರು ಜನ ಕೂರುವ ಈ ಏರ್ಪಾಡು ನನಗೆ ಬಹಳ ಹಿರಿದಾಗಿ ಕಾಣುತ್ತದೆ. ಅದು ಎಷ್ಟು ದಿನ ಪಾಲನೆಯಾಗುತ್ತದೆಂದು ಪತ್ರಿಕೆ ಓದುವವರಿಗೆ ನಾನು ಹೇಳಬೇಕಾಗಿಲ್ಲ. ಹಾಗೆಂದು ಸುತ್ತಿಗೆಯಿದ್ದರೆ ಸಾಕೆಂದೂ ಅಲ್ಲ. ಐಸ್‌ಲ್ಯಾಂಡ್ ವಿಶ್ವಸಂಸ್ಥೆಗೆ ಕೊಟ್ಟಿದ್ದ ಸುತ್ತಿಗೆ 1960ರ ಅಕ್ಟೋಬರಿನಲ್ಲಿ, ಕ್ರುಶ್ಚೇವ್ ಅವರಿದ್ದ ಅಧಿವೇಶನದ ಗದ್ದಲವನ್ನು ಅಡಗಿಸಹೋಗಿ ಅಧ್ಯಕ್ಷ ಬೋಲೆಂಡರ ಕೈಯಲ್ಲಿ ಮುರಿಯಿತು. ನಾನೂ ಕೆಲವು ಸಾಹಿತ್ಯಸಭೆಗಳ ಅಧ್ಯಕ್ಷತೆ ವಹಿಸಿದವನು. ಮೇಜಿನ ಗಂಟೆ ಬಾರಿಸಿದಷ್ಟೂ ಭಾಷಣ ಉದ್ದವಾದದ್ದನ್ನು ಕಂಡಿದ್ದೇನೆ.

1989ರಲ್ಲಿ ದಂತದ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಷೇಧಿಸಲು ರಾಷ್ಟ್ರಗಳು ನಿರ್ಧರಿಸಿದವು. ಇಂದು ಅದು ಮತ್ತೆ ಒಡೆದರೆ ಇಂಥದೇ ಇನ್ನೊಂದನ್ನು ಕೇಳುವುದೂ ಕಷ್ಟ, ಕೊಡುವುದೂ ಕಷ್ಟ. ಹೊಸದು ಹಳೆಯದರ ಪಡಿಯಚ್ಚು. ನಡುವಿನಲ್ಲಿ ನಮ್ಮ ಕುಶಲಿಗಳು ಕೆತ್ತಿದ ಹೂವಿನ ಪಟ್ಟಿಯೊಂದು ಹೆಚ್ಚು. ಸೀಳಿದ ಹಳೆಯದನ್ನು ಸೆನೆಟ್ಟಿನವರು ಎಸೆಯಲಿಲ್ಲ. ಬೆಳ್ಳಿಯ ಬಿಲ್ಲೆಗಳ ಸಹಿತ ಅದನ್ನು ಜೋಪಾನವಾಗಿ ಇರಿಸಿಕೊಂಡಿದ್ದಾರೆ.