ಬಣ್ಣದ ಹಿಂದಿನ ನೂಲು ನುಡಿದ ಸಾಕ್ಷಿ

ಚಿತ್ರ ನೋಡುವವರ ಕಣ್ಣು ಬಣ್ಣದ ಮೇಲೆ ನಿಲ್ಲುತ್ತದೆ. ಬಣ್ಣವನ್ನು ಹೊತ್ತ ಬಟ್ಟೆಯ ಗೊಡವೆ ಯಾರಿಗೂ ಇರುವುದಿಲ್ಲ. ಆದರೆ ಕ್ಯಾನ್‌ವಾಸ್ ಸಹ ಮಗ್ಗದಿಂದ ಇಳಿದ ಬಟ್ಟೆಯೇ. ಅದಕ್ಕೂ ಹಾಸು ಉಂಟು, ಹೊಕ್ಕು ಉಂಟು. ಒಂದು ಸೆಂಟಿಮೀಟರಿನಲ್ಲಿ ಎಷ್ಟು ಎಳೆಗಳಿವೆ ಎಂಬ ಲೆಕ್ಕ ಕೆಲವೊಮ್ಮೆ ಕಲಾವಿದನ ಸಹಿಗಿಂತ ನಂಬಲರ್ಹ ಸಾಕ್ಷಿಯಾಗುತ್ತದೆ.

ಹಳೆಯ ಚಿತ್ರಗಳ ಹಿಂಬದಿಗೆ ಸಾಮಾನ್ಯವಾಗಿ ಇನ್ನೊಂದು ಬಟ್ಟೆ ಅಂಟಿಸಿರುತ್ತಾರೆ. ಹಾಗಾಗಿ ಮೂಲ ನೇಯ್ಗೆ ಕಣ್ಣಿಗೆ ಕಾಣದು. ಇಲ್ಲಿ ನೆರವಿಗೆ ಬರುವುದು ಎಕ್ಸ್-ರೇ. ಬಣ್ಣಕ್ಕೆ ಮುನ್ನ ಬಳಿದ ಸೀಸದ ಬಿಳಿ ಎಳೆಗಳ ಸಂದಿಯಲ್ಲಿ ಇಳಿದಿರುತ್ತದೆ. ಸೀಸ ಎಕ್ಸ್-ಕಿರಣಗಳನ್ನು ತಡೆಯುವುದರಿಂದ ನೇಯ್ಗೆಯ ಅಚ್ಚು ಫಿಲ್ಮಿನಲ್ಲಿ ಮೂಡುತ್ತದೆ. 1968ರಲ್ಲಿ ನೆದರ್ಲೆಂಡ್ಸ್‌ನಲ್ಲಿ ಆರಂಭವಾದ ರೆಂಬ್ರಾಂಟ್ ಸಂಶೋಧನಾ ಯೋಜನೆಯಲ್ಲಿ ಅರ್ನ್‌ಸ್ಟ್ ವಾನ್ ಡೆ ವೆಟರಿಂಗ್ ಇಂಥ ಫಿಲ್ಮುಗಳಿಂದಲೇ ಎಳೆಗಳ ಲೆಕ್ಕ ಹಾಕಿದ್ದರು. ಕೈಯಿಂದ ಎಣಿಸುವ ಈ ಕೆಲಸ ಬಹಳ ತಾಳ್ಮೆ ಬೇಡುವಂಥದ್ದು. ಅಲ್ಲೊಂದು ಇಲ್ಲೊಂದು ಕಡೆ ಎಣಿಸಿ ಸರಾಸರಿ ತೆಗೆಯುವುದಷ್ಟೇ ಸಾಧ್ಯವಿತ್ತು.

2007ರಲ್ಲಿ ಅಮೆರಿಕದ ಇಬ್ಬರು ಎಂಜಿನಿಯರುಗಳು ಈ ಎಣಿಕೆಯನ್ನು ಕಂಪ್ಯೂಟರಿಗೆ ಒಪ್ಪಿಸಿದರು. ಒಬ್ಬರು ಕಾರ್ನೆಲ್ ವಿಶ್ವವಿದ್ಯಾಲಯದ ರಿಚರ್ಡ್ ಜಾನ್ಸನ್, ಇನ್ನೊಬ್ಬರು ರೈಸ್ ವಿಶ್ವವಿದ್ಯಾಲಯದ ಡಾನ್ ಜಾನ್ಸನ್. ಹೆಸರು ಒಂದಾದರೂ ಇವರು ಸಂಬಂಧಿಗಳಲ್ಲ. ಅವರ ವಿಧಾನದಲ್ಲಿ ಕಂಪ್ಯೂಟರ್ ಎಕ್ಸ್-ರೇಯನ್ನು ಚಿಕ್ಕ ಚಿಕ್ಕ ಚೌಕಗಳಾಗಿ ವಿಂಗಡಿಸುತ್ತದೆ. ಪ್ರತಿ ಚೌಕದಲ್ಲೂ ಕಪ್ಪುಬಿಳುಪಿನ ಏರಿಳಿತ ಎಷ್ಟು ಸಲ ಮರುಕಳಿಸುತ್ತದೆ ಎಂದು ಗಣಿತದಿಂದ ಅಳೆಯುತ್ತದೆ. ಉತ್ತರವನ್ನು ಬಣ್ಣದ ನಕ್ಷೆಯಾಗಿ ತೋರಿಸುತ್ತದೆ. ಎಳೆಗಳು ಒತ್ತಾಗಿರುವ ಕಡೆ ಒಂದು ಬಣ್ಣ, ವಿರಳವಾಗಿರುವ ಕಡೆ ಇನ್ನೊಂದು.

ನಕ್ಷೆ ಬಂದ ಮೇಲೆ ಹೊಸ ಸಂಗತಿ ಹೊರಬಿತ್ತು. ಹಾಸಿನ ಎಳೆಗಳನ್ನು ಮಗ್ಗಕ್ಕೆ ಒಮ್ಮೆ ಏರಿಸಿದರೆ ಅವುಗಳ ನಡುವಿನ ಅಂತರ ಥಾನಿನ ಉದ್ದಕ್ಕೂ ಹೆಚ್ಚುಕಡಿಮೆ ಹಾಗೆಯೇ ಸಾಗುತ್ತದೆ. ಹೊಕ್ಕು ಮಾತ್ರ ನೇಕಾರನ ಕೈ ಬಡಿತದಂತೆ ಬದಲಾಗುತ್ತದೆ. ಆದ್ದರಿಂದ ಎರಡು ಚಿತ್ರಗಳ ನಕ್ಷೆಯ ಪಟ್ಟೆಗಳು ಹೊಂದಿಕೊಂಡರೆ ಎರಡೂ ಒಂದೇ ಥಾನಿನಿಂದ ಕತ್ತರಿಸಿದವು ಎನ್ನಬಹುದು. ತಮ್ಮ ಥಿಯೋನ ಮೂಲಕ ಪ್ಯಾರಿಸಿನಿಂದ ಕ್ಯಾನ್‌ವಾಸಿನ ಸುರುಳಿ ತರಿಸಿಕೊಳ್ಳುತ್ತಿದ್ದ ವ್ಯಾನ್ ಗೋನ ಚಿತ್ರಗಳನ್ನು ಹೀಗೆ ಸುರುಳಿವಾರು ಗುಂಪು ಮಾಡಲಾಯಿತು.

ಈ ವಿಧಾನದ ದೊಡ್ಡ ಪರೀಕ್ಷೆ ನಡೆದದ್ದು ವರ್ಮೀರನ ವಿಷಯದಲ್ಲಿ. ವರ್ಜಿನಲ್ ವಾದ್ಯದ ಮುಂದೆ ಕುಳಿತ ತರುಣಿಯ ಪುಟ್ಟ ಚಿತ್ರ ಅವನದೇ ಎಂಬುದರ ಬಗ್ಗೆ ದಶಕಗಳ ಕಾಲ ಅನುಮಾನವಿತ್ತು. 2004ರಲ್ಲಿ ಲಂಡನ್ನಿನ ಹರಾಜಿನಲ್ಲಿ ಅದು 1.62 ಕೋಟಿ ಪೌಂಡಿಗೆ ಮಾರಾಟವಾಯಿತು. 2012ರಲ್ಲಿ ಪ್ರಕಟವಾದ ಅಧ್ಯಯನ, ಅದರ ಬಟ್ಟೆಯೂ ಪ್ಯಾರಿಸಿನ ಲೂವ್ರ್ ಸಂಗ್ರಹಾಲಯದಲ್ಲಿರುವ ವರ್ಮೀರನ 'ಲೇಸ್ ಹೆಣೆಯುವವಳು' ಚಿತ್ರದ ಬಟ್ಟೆಯೂ ಒಂದೇ ಥಾನಿನವು ಎಂದು ತೋರಿಸಿತು.

ಬಟ್ಟೆ ಹಳೆಯದು ಎಂದಾಕ್ಷಣ ಚಿತ್ರ ಅಸಲಿಯಾಗದು. 1945ರಲ್ಲಿ ಸಿಕ್ಕಿಬಿದ್ದ ನಕಲುಗಾರ ವಾನ್ ಮೇಹೆರೆನ್ 17ನೇ ಶತಮಾನದ ಕ್ಯಾನ್‌ವಾಸಿನ ಮೇಲೆಯೇ 'ವರ್ಮೀರ್' ಚಿತ್ರಗಳನ್ನು ಬರೆದಿದ್ದ. ಒಂದೇ ಥಾನು ಎಂಬುದು ಅದಕ್ಕಿಂತ ಗಟ್ಟಿಯಾದ ಸಾಕ್ಷಿ. ಆದರೂ ಅದು ಕುಂಚ ಹಿಡಿದ ಕೈ ಯಾರದೆಂದು ಹೇಳದು. ಬಟ್ಟೆ ಯಾವ ಮಗ್ಗದಿಂದ ಇಳಿದು ಯಾವ ಚಿತ್ರಶಾಲೆಯ ಬಾಗಿಲಿಗೆ ಬಂತು ಎಂಬಲ್ಲಿಗೆ ಕರೆದೊಯ್ಯುತ್ತದೆ. ಹೆಸರು ಉಳಿಯದ ಒಬ್ಬ ನೇಕಾರನ ಕೆಲಸ, ಹೆಸರಾಂತ ಕಲಾವಿದನ ಪರವಾಗಿ ಮುನ್ನೂರೈವತ್ತು ವರ್ಷಗಳ ಬಳಿಕ ಸಾಕ್ಷಿ ನುಡಿದಂತಾಯಿತು.