ಕಿಂಗ್ ಲಿಯರ್

ವಿಲಿಯಂ ಷೇಕ್ಸ್‌ಪಿಯರ್ 1605-06ರ ಸುಮಾರಿಗೆ ಬರೆದ ದುರಂತ ನಾಟಕ. ಮುಪ್ಪಿನ ದೊರೆ ಲಿಯರ್, ತನ್ನನ್ನು ಬಾಯ್ತುಂಬ ಹೊಗಳಿದ ಹಿರಿಯ ಹೆಣ್ಣುಮಕ್ಕಳಿಬ್ಬರಿಗೆ ರಾಜ್ಯ ಹಂಚಿ, ಮುಖಸ್ತುತಿಗೆ ಒಪ್ಪದ ಕಿರಿಯವಳು ಕಾರ್ಡೀಲಿಯಳನ್ನು ಹೊರಗಟ್ಟುತ್ತಾನೆ. ಅಧಿಕಾರ ಕೈಬಿಟ್ಟ ಮೇಲೆ ಅವನ ಪಾಲಿಗೆ ಉಳಿಯುವುದು ಬಿರುಗಾಳಿ ಮತ್ತು ಬಯಲು. ಕಥೆ ಹಳೆಯದು. ಹನ್ನೆರಡನೆಯ ಶತಮಾನದಲ್ಲಿ ಮನ್ಮತ್‌ನ ಜೆಫ್ರಿ ಬರೆದ ಬ್ರಿಟನ್ ರಾಜರ ಚರಿತ್ರೆಯಲ್ಲೂ 1605ರಲ್ಲಿ ಅಚ್ಚಾದ, ಕರ್ತೃ ಗೊತ್ತಿಲ್ಲದ ನಾಟಕವೊಂದರಲ್ಲೂ ಮುದಿದೊರೆ ಕಿರಿಯ ಮಗಳ ನೆರವಿನಿಂದ ಮತ್ತೆ ಪಟ್ಟವೇರುತ್ತಾನೆ. ಷೇಕ್ಸ್‌ಪಿಯರ್ ತಿದ್ದಿದ್ದು ಅದನ್ನೇ. ಅವನ ನಾಟಕದಲ್ಲಿ ಕಾರ್ಡೀಲಿಯ ಸೆರೆಯಲ್ಲಿ ನೇಣಿಗೆ ಬಲಿಯಾಗುತ್ತಾಳೆ; ಅವಳ ಹೆಣವನ್ನು ತೋಳಲ್ಲಿ ಹೊತ್ತು ಬಂದ ತಂದೆಯೂ ಸಾಯುತ್ತಾನೆ. ಈ ಮುಕ್ತಾಯವನ್ನು ತಾಳಿಕೊಳ್ಳಲು ರಂಗಭೂಮಿ ಪಟ್ಟ ಪಾಡೇ ನಾಟಕದ ಮುಂದಿನ ಚರಿತ್ರೆ.

1606ರ ಡಿಸೆಂಬರ್ 26ರಂದು ದೊರೆ ಮೊದಲನೆಯ ಜೇಮ್ಸ್‌ನ ಆಸ್ಥಾನದಲ್ಲಿ ಪ್ರಯೋಗಗೊಂಡ ನಾಟಕವನ್ನು 1681ರಲ್ಲಿ ನಹೂಮ್ ಟೇಟ್ ತಿದ್ದಿ ಬರೆದ. ವಿದೂಷಕನನ್ನು ತೆಗೆದುಹಾಕಿದ, ಕಾರ್ಡೀಲಿಯಳಿಗೂ ಸರದಾರ ಗ್ಲಾಸ್ಟರ್‌ನ ಮಗ ಎಡ್ಗರ್‌ಗೂ ಪ್ರೇಮ ಕಲ್ಪಿಸಿದ, ಲಿಯರ್‌ನನ್ನು ಬದುಕಿಸಿದ. ಸುಮಾರು ಒಂದೂವರೆ ಶತಮಾನ ಇಂಗ್ಲೆಂಡಿನ ಪ್ರೇಕ್ಷಕರು ಕಂಡದ್ದು ಈ ಲಿಯರ್‌ನನ್ನೇ. ನಟ ಎಡ್ಮಂಡ್ ಕೀನ್ 1823ರಲ್ಲಿ ದುರಂತದ ಕೊನೆಯನ್ನು ಮರಳಿ ತಂದರೆ, ಇನ್ನೊಬ್ಬ ನಟ ಮ್ಯಾಕ್ರೆಡಿ 1838ರಲ್ಲಿ ವಿದೂಷಕನನ್ನೂ ಕರೆತಂದ. ಟೇಟ್‌ನನ್ನು ಅಭಿರುಚಿಯಿಲ್ಲದವನೆಂದು ತಳ್ಳಿಹಾಕುವುದು ಸುಲಭ. ಆದರೆ ಸ್ಯಾಮ್ಯುಯೆಲ್ ಜಾನ್ಸನ್‌ನಂಥ ವಿಮರ್ಶಕನೂ ಅವನ ಪರ ನಿಂತಿದ್ದ. ನಿರಪರಾಧಿಯ ಸಾವು ನ್ಯಾಯದ ಸಹಜ ನಿರೀಕ್ಷೆಗೆ ವಿರುದ್ಧವೆಂಬುದು ಜಾನ್ಸನ್‌ನ ವಾದ. ಈ ಆಕ್ಷೇಪಕ್ಕೆ ನಾಟಕದೊಳಗೇ ಉತ್ತರವಿದೆ. ದೇವತೆಗಳು ಕಾರ್ಡೀಲಿಯಳನ್ನು ಕಾಯಲಿ ಎಂದು ಲಿಯರ್‌ನ ಅಳಿಯ ಆಲ್ಬನಿ ಬೇಡಿದ ಬೆನ್ನಿಗೇ ಲಿಯರ್ ಹೆಣ ಹೊತ್ತು ಒಳಬರುತ್ತಾನೆ. ಜಾನ್ಸನ್ ಬಯಸಿದ ನ್ಯಾಯವನ್ನು ನಾಟಕಕಾರ ಮರೆತಿರಲಿಲ್ಲ. ಅದನ್ನು ಪಾತ್ರದ ಬಾಯಲ್ಲಿ ಕೇಳಿಸಿಯೇ ನಿರಾಕರಿಸಿದ.

ನಾಟಕಕ್ಕೆ ಎರಡು ಮುದ್ರಿತ ಪಾಠಗಳಿರುವಾಗ ಯಾವ ಮುಕ್ತಾಯವನ್ನು ಮೂಲವೆನ್ನುವುದು ಎಂದು ಕೇಳಬಹುದು. 1608ರ ಕ್ವಾರ್ಟೊ ಮುದ್ರಣದಲ್ಲಿರುವ ಸುಮಾರು 300 ಸಾಲುಗಳು 1623ರ ಫೋಲಿಯೋ ಮುದ್ರಣದಲ್ಲಿಲ್ಲ. ಫೋಲಿಯೋದಲ್ಲಿ ಸುಮಾರು 100 ಹೊಸ ಸಾಲುಗಳಿವೆ. ಮಗಳ ತುಟಿಗಳನ್ನು ನೋಡಿರೆಂದು ಲಿಯರ್ ಸಾಯುವ ಮುನ್ನ ತೋರಿಸುವುದು ಫೋಲಿಯೋದಲ್ಲಿ ಮಾತ್ರ. ಅವಳು ಬದುಕಿದ್ದಾಳೆಂಬ ಸಂತೋಷದಲ್ಲೇ ಅವನು ಪ್ರಾಣ ಬಿಟ್ಟನೆಂದು 1904ರಲ್ಲಿ ವಿಮರ್ಶಕ ಎ. ಸಿ. ಬ್ರಾಡ್ಲಿ ವಾದಿಸಿದ್ದು ಇದರ ಬಲದಿಂದ. ಆದರೂ ಎರಡು ಪಾಠಗಳಲ್ಲೂ ಕಾರ್ಡೀಲಿಯ ಸತ್ತೇ ಇದ್ದಾಳೆ. ವ್ಯತ್ಯಾಸವಿರುವುದು ತಂದೆ ಆ ಸಾವನ್ನು ಕಾಣುವ ಬಗೆಯಲ್ಲಿ.

ಇಪ್ಪತ್ತನೆಯ ಶತಮಾನದಲ್ಲಿ ತಿದ್ದುಪಡಿ ಎದುರು ದಿಕ್ಕಿಗೆ ಹೊರಳಿತು. ಲಿಯರ್‌ಗೆ ನೆರವಾದ ಗ್ಲಾಸ್ಟರ್‌ನ ಕಣ್ಣು ಕಿತ್ತ ಮೇಲೆ ಇಬ್ಬರು ಸೇವಕರು ಅಗಸೆನಾರು, ಮೊಟ್ಟೆಯ ಬಿಳಿಭಾಗ ತಂದು ರಕ್ತ ಸುರಿಯುವ ಅವನ ಮುಖಕ್ಕೆ ಹಚ್ಚಲು ಮುಂದಾಗುವ ಪುಟ್ಟ ಸನ್ನಿವೇಶ ಕ್ವಾರ್ಟೊದಲ್ಲಿದೆ. ನಿರ್ದೇಶಕ ಪೀಟರ್ ಬ್ರೂಕ್ 1962ರ ತನ್ನ ಖ್ಯಾತ ಪ್ರಯೋಗದಲ್ಲಿ ಇದನ್ನು ಕೈಬಿಟ್ಟ. ಫೋಲಿಯೋದಲ್ಲೂ ಇದಿಲ್ಲವೆಂಬ ಸಮರ್ಥನೆಯುಂಟು. ಆದರೆ ಜಗತ್ತಿನಲ್ಲಿ ಕರುಣೆಗೆ ಎಡೆಯೇ ಇಲ್ಲವೆಂದು ತೋರಿಸಲು ಅದನ್ನು ತೆಗೆದರೆ, ಅದೂ ಟೇಟ್ ಮಾಡಿದಂಥದೇ ಕೆಲಸ. ಇದಕ್ಕೆ ವ್ಯತಿರಿಕ್ತವಾಗಿ, ನಿರ್ದೇಶಕ ಕೊಜಿಂತ್ಸೆವ್‌ನ ರಷ್ಯನ್ ಚಿತ್ರ ಲಿಯರ್‌ನ ಸುತ್ತ ನೊಂದ ಬಡವರ ಗುಂಪನ್ನೇ ನಿಲ್ಲಿಸಿತು. ಜಪಾನಿನ ಕುರೊಸಾವಾ 1985ರ 'ರಾನ್' ಚಿತ್ರದಲ್ಲಿ ಹೆಣ್ಣುಮಕ್ಕಳ ಜಾಗಕ್ಕೆ ಗಂಡುಮಕ್ಕಳನ್ನು ತಂದ. ಕನ್ನಡದಲ್ಲಿ ಎಂ. ಎಸ್. ಪುಟ್ಟಣ್ಣನವರ ರೂಪಾಂತರ 'ಹೇಮಚಂದ್ರರಾಜ ವಿಲಾಸ', ಮಾಸ್ತಿಯವರ ಅನುವಾದ 'ಲಿಯರ್ ಮಹಾರಾಜ' ಇವೆ. ಯಾವ ಭಾಷೆಯಲ್ಲೇ ಆಡಲಿ, ಸೇವಕರ ಆ ಶುಶ್ರೂಷೆ ಮತ್ತು ಕಾರ್ಡೀಲಿಯಳ ಸಾವು ಎರಡನ್ನೂ ಉಳಿಸಿಕೊಂಡ ಪ್ರಯೋಗವೇ ನಾಟಕಕ್ಕೆ ಹೆಚ್ಚು ನಿಷ್ಠವಾದದ್ದು.